ಗಿರಿಜಮ್ಮನ ಅರ್ಜಿಗೆ ತೆಗೆದ ಫೋಟೋ

ಈಗ ಸಕಲೇಶಪುರಕ್ಕೆ ಕ್ಯಾಮೆರಾ ಹಿಡಿದು ಬರುವ ಹುಡುಗ ಹುಡುಗಿಯರು ತೆಗೆಯುವುದು ಮಂಜನ್ನು. ಬೆಳಿಗ್ಗೆ ಆರಕ್ಕೇ ಗುಡ್ಡ ಹತ್ತಿ ಕೂತಿರುತ್ತಾರೆ. ತಪ್ಪೇನಿಲ್ಲ. ಮಂಜಿಗೆ ಮಾನ ಮರ್ಯಾದೆಯ ಚಿಂತೆ ಇಲ್ಲ, ಹೇಗೆ ತೆಗೆದರೂ ಮಾರನೆಯ ದಿನ ಅಂಗಡಿಗೆ ಬಂದು ಜಗಳ ಆಡುವುದಿಲ್ಲ. ಅವರಲ್ಲೇ ಒಬ್ಬಿಬ್ಬರು ಆಗಾಗ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ‘ಅಂಕಲ್, ನಾವು ಜನರ ಬದುಕು ತೆಗೀಬೇಕು, ಕಾಫಿ ರೇಟು ಬಿದ್ದಾಗ ನೀವು ಪೇಪರಿಗೆ ತೆಗೆದಿದ್ದೆಲ್ಲ ತೋರ್ಸಿ’ ಅನ್ನುತ್ತಾರೆ. ಟ್ರಂಕು ತೆಗೆದು ತೋರಿಸುತ್ತೇನೆ. ನೋಡಿ ಸೂಪರ್ ಅನ್ನುತ್ತಾರೆ, ಚಹಾ ಕುಡಿದು ಹೋಗುತ್ತಾರೆ. ಎಲ್ಲರೂ ಹೊಗಳುವ ಒಂದು ಫೋಟೋ ಆ ಟ್ರಂಕಿನಲ್ಲಿದೆ. ಅದನ್ನು ತೆಗೆದ ಬಗೆಯನ್ನು ನಾನು ಇದುವರೆಗೆ ಯಾರಿಗೂ ಸರಿಯಾಗಿ ಹೇಳಿಲ್ಲ. ಈ ಕೆಲಸಕ್ಕೆ ಇಳಿಯುವವರು ತಿಳಿದುಕೊಂಡಿರಲಿ ಎಂದು ಈಗ ಬರೆಯುತ್ತಿದ್ದೇನೆ.

ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನ ಸ್ಟುಡಿಯೋ. ಬೋರ್ಡಿನ ಮೇಲೆ ಒಂದು ಇಂಗ್ಲಿಷ್ ಹೆಸರಿತ್ತು, ಅದನ್ನು ಯಾರೂ ಓದಲಿಲ್ಲ. ಎಲ್ಲರಿಗೂ ಅದು ಸಾಬ್ರ ಸ್ಟುಡಿಯೋ. ಒಳಗೆ ಒಂದು ಗೂಟಕ್ಕೆ ಕಪ್ಪು ಕೋಟು ನೇತಾಡುತ್ತಿತ್ತು. ಕನ್ನಡಿ ಮುಂದೆ ಬಾಚಣಿಗೆ, ಪೌಡರ್ ಡಬ್ಬಿ, ನಡೆಯದ ಒಂದು ಕೈಗಡಿಯಾರ. ಡ್ರಾಯರಿನಲ್ಲಿ ಒಂದು ರೋಲ್ಡ್ ಗೋಲ್ಡ್ ಸರ. ನನ್ನ ಹೆಂಡತಿ ನಸೀಮಾ ಹಾಸನದಿಂದ ಆರಿಸಿ ತಂದದ್ದು, ಎರಡೆಳೆಯದು, ನಡುವೆ ಕೆಂಪು ಕಲ್ಲಿನ ಪದಕ. ‘ಬರೀ ಕುತ್ತಿಗೇಲಿ ಯಾವ ಹೆಣ್ಣನ್ನೂ ಕೂರಿಸಬೇಡಿ’ ಅನ್ನುವುದು ಅವಳ ಕಟ್ಟಪ್ಪಣೆ. ಯಸಳೂರು, ಹೆತ್ತೂರು ಕಡೆಯಿಂದ ಹೆಣ್ಣು ತೋರಿಸುವ ಫೋಟೋಗೆ ಬರುವವರಿಗೆ ಆ ಸರವನ್ನು ಅವಳೇ ತೊಡಿಸುತ್ತಿದ್ದಳು. ಅದಕ್ಕೆ ಬೇರೆ ಚಾರ್ಜು ಇರಲಿಲ್ಲ.

ಫೋಟೋ ತೆಗೆದ ಮೇಲೆ ನನ್ನ ಕೆಲಸ ಶುರು. ನೆಗೆಟಿವನ್ನು ಗಾಜಿನ ಮೇಲಿಟ್ಟು, ಹಿಂದಿನಿಂದ ದೀಪ ಹಾಕಿ, ಸೂಜಿಯಷ್ಟು ಚೂಪಾದ ಪೆನ್ಸಿಲ್ಲಿನಿಂದ ತಿದ್ದಬೇಕು. ನೆಗೆಟಿವಿನಲ್ಲಿ ಕಪ್ಪು ಹಚ್ಚಿದ ಕಡೆ ಪ್ರಿಂಟಿನಲ್ಲಿ ಬೆಳಕಾಗುತ್ತದೆ. ಗುಳಿಬಿದ್ದ ಕೆನ್ನೆಯನ್ನು ಹಾಗೆ ತುಂಬಿಸುತ್ತಿದ್ದೆವು, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತಿದ್ದೆವು. ಈಗ ನಿಮ್ಮ ಮೊಬೈಲು ಯಾರೂ ಕೇಳದೆಯೇ ಆ ಕೆಲಸ ಮಾಡುತ್ತದೆ. ನಾವು ಕಣ್ಣು ಕಳೆದುಕೊಂಡು ಮಾಡಿದೆವು.

ಕಾಫಿ ಬೆಲೆ ಬಿದ್ದದ್ದು ಊರಿಗೆ ಒಂದೇ ದಿನಕ್ಕೆ ಗೊತ್ತಾಗಲಿಲ್ಲ. ಹೋಟೆಲಿನಲ್ಲಿ ಬೈ ಟೂ ಕಾಫಿ ಕೇಳುತ್ತಿದ್ದವರು ಒಂದನ್ನು ಮೂರು ಮಾಡಿಸತೊಡಗಿದರು. ಸೆಲೂನಿನ ಬೆಂಚಿನಲ್ಲಿ ಪೇಪರ್ ಓದುವವರು ಹೆಚ್ಚಾದರು, ಕುರ್ಚಿಗೆ ಏರುವವರು ಕಡಿಮೆಯಾದರು. ಜೀಪ್ ಸ್ಟ್ಯಾಂಡಿನಲ್ಲಿ ಗಾಜಿನ ಮೇಲೆ ಸುಣ್ಣದಲ್ಲಿ ‘ಮಾರಾಟಕ್ಕಿದೆ’ ಎಂದು ಬರೆದ ಜೀಪುಗಳು ನಿಂತವು. ಕೊಯ್ಲಿಗೆ ಆಳು ಕರೆಯಲು ಯಾವ ಎಸ್ಟೇಟಿನ ಲಾರಿಯೂ ಬರಲಿಲ್ಲ, ಹಣ್ಣು ಗಿಡದಲ್ಲೇ ಒಣಗಿತು. ನನ್ನ ಸ್ಟುಡಿಯೋಗೆ ಮದುವೆ ಆಲ್ಬಮ್ಮಿನವರು ನಿಂತುಹೋದರು. ಬರುವವರೆಲ್ಲ ಅರ್ಜಿಗೆ ಅಂಟಿಸುವ ಪಾಸ್‌ಪೋರ್ಟ್ ಸೈಜಿನವರು. ಮುಂಚೆ ಕ್ಯಾಮೆರಾ ಮುಂದೆ ಕೂತರೆ ಜನ ನಗು ತಡೆದುಕೊಳ್ಳುತ್ತಿದ್ದರು. ಆಗ ‘ವಸಿ ನಗಿ’ ಎಂದು ಹೇಳಬೇಕಾಗಿ ಬಂತು. ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು.

ಅದೇ ವರ್ಷ ಹಾಸನದ ಒಂದು ಪತ್ರಿಕೆಯವರು ನನ್ನನ್ನು ಅರೆಕಾಲಿಕ ಫೋಟೋಗ್ರಾಫರ್ ಮಾಡಿಕೊಂಡರು. ಜಿಲ್ಲಾ ಪುಟದ ಮುಖ್ಯಸ್ಥರು ಫೋನಿನಲ್ಲಿ ಹೇಳಿದ್ದು ಒಂದೇ ಮಾತು: ‘ಬೆಲೆ ಬಿದ್ದಿದ್ದು ಸುದ್ದಿ ಅಲ್ಲ ಕಣ್ರೀ, ಊರು ಹೆಂಗೈತೆ ಅನ್ನೋದು ಸುದ್ದಿ. ನಾಳೆ ಪುಟಕ್ಕೆ ಒಂದು ಕಳ್ಸಿ.’ ನಾಳೆ ಎಂದರೆ ನಾಳೆಯೇ. ಅವತ್ತು ಪೇಟೆಗೆ ವಾರದ ರಜೆ, ಬೀದಿಗೆ ಬೀದಿಯೇ ಷಟರ್ ಎಳೆದಿತ್ತು. ನಾನು ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿ ಒಂದು ಫೋಟೋ ಹೊಡೆದು, ರೀಲನ್ನು ಕವರಿಗೆ ಹಾಕಿ ಹಾಸನದ ಬಸ್ಸಿಗೆ ಕೊಟ್ಟುಬಿಟ್ಟೆ. ಹಾಸನದಲ್ಲಿ ಕೂತವರಿಗೆ ನಮ್ಮ ರಜೆ ಯಾವ ವಾರ ಎಂದು ಏನು ಗೊತ್ತು ಅಂದುಕೊಂಡೆ. ಮಾರನೆಯ ದಿನ ‘ಮುಚ್ಚಿದ ಪೇಟೆ’ ಎಂದು ದೊಡ್ಡದಾಗಿ ಬಂತು. ಪತ್ರಿಕೆಯನ್ನು ನಮ್ಮೂರಿನವರೂ ಓದುತ್ತಾರೆ ಎನ್ನುವುದನ್ನು ನಾನು ಮರೆತಿದ್ದೆ.

ಪಾತ್ರೆ ಅಂಗಡಿ ಶೆಟ್ಟರು ಬೆಳಿಗ್ಗೆ ಎಂಟಕ್ಕೆ ಪೇಪರ್ ಸುತ್ತಿ ಹಿಡಿದುಕೊಂಡು ಬಂದರು. ‘ಏನ್ ಸಾಬ್ರೆ, ನಾವು ಉಸಿರಾಡ್ತಿರೋವಾಗ್ಲೇ ತಿಥಿ ಮಾಡ್ಬುಟ್ರಲ್ಲ. ಮಾಲು ಕಳ್ಸೋರು ಫೋನ್ ಮಾಡಿ, ಅಂಗಡಿ ಎತ್ಬುಟ್ರಾ ಶೆಟ್ರೆ ಅಂತ ಕೇಳ್ತಾವ್ರೆ. ಏನು ಹೇಳ್ಲಿ?’ ಎಂದರು. ಕೂಗಾಡಿದ್ದರೆ ನಾನೂ ಕೂಗಾಡಬಹುದಿತ್ತು. ಅವರು ಮೆಲ್ಲಗೆ ಕೇಳಿದರು. ಆಮೇಲೆ ಎಷ್ಟೋ ತಿಂಗಳು ಅವರ ಅಂಗಡಿ ಮುಂದೆ ಹಾಯದೆ ಸುತ್ತಿಕೊಂಡು ಹೋಗುತ್ತಿದ್ದೆ. ಮುಖ್ಯಸ್ಥರಿಗೂ ವಿಷಯ ತಲುಪಿ ಅವರು ಬೈದರು. ‘ಬಾಗಿಲು ಯಾವಾಗ ಬೇಕಾದ್ರೂ ಮುಚ್ಚಿರ್ತದೆ. ಇನ್ಮೇಲೆ ನನಗೆ ಮುಖ ಬೇಕು’ ಎಂದರು.

ಮುಖ ಕಳಿಸಿದೆ. ಕಾಫಿ ಹದಮಾಡುವ ಕ್ಯೂರಿಂಗ್ ವರ್ಕ್ಸಿನಲ್ಲಿ ಬೀಜ ಆರಿಸುತ್ತಿದ್ದ ಹೆಂಗಸರು ಕೆಲಸವಿಲ್ಲದೆ ಗೇಟಿನ ಹೊರಗೆ ಕೂತದ್ದು, ಮೆಕ್ಯಾನಿಕ್ಕು ತನ್ನದೇ ಸ್ಪ್ಯಾನರುಗಳನ್ನು ಎಣ್ಣೆ ಒರೆಸಿ ಸಾಲಾಗಿ ಜೋಡಿಸುತ್ತಿದ್ದದ್ದು. ಅವಕ್ಕೂ ಮುಖ್ಯಸ್ಥರಿಗೆ ಸಮಾಧಾನವಿಲ್ಲ. ‘ಏನ್ರೀ ಇದು, ನಿಮ್ ಫೋಟೋದಲ್ಲಿ ಎಲ್ರೂ ಬೀಗರ ಊಟಕ್ಕೆ ಹೊರಟಂಗೆ ಕಾಣ್ತಾರಲ್ಲ’ ಎಂದರು. ನಿಜ. ಸ್ಟುಡಿಯೋದವನಾದ ನನಗೆ, ಎದುರಿಗಿರುವವರು ತಲೆ ಸರಿಮಾಡಿಕೊಂಡು, ಗುಂಡಿ ಹಾಕಿಕೊಂಡು, ಸೆರಗು ಎಳೆದುಕೊಳ್ಳುವ ತನಕ ಬೆರಳು ಕೆಳಗಿಳಿಯುತ್ತಿರಲಿಲ್ಲ. ಅದನ್ನು ನಾನು ಮರ್ಯಾದೆ ಅಂದುಕೊಂಡಿದ್ದೆ. ಮುಖ್ಯಸ್ಥರಿಗೆ ಅದು ಕಸುಬು ತಿಳಿಯದ ಲಕ್ಷಣ.

ಇಂಥ ಹೊತ್ತಿನಲ್ಲಿ ಗಿರಿಜಮ್ಮ ಬಂದಳು. ದೋಣಿಗಲ್ ಕಡೆಯ ಒಂದು ಎಸ್ಟೇಟಿನ ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ ಹುಟ್ಟಿ, ಅದೇ ಎಸ್ಟೇಟಿನ ಇನ್ನೊಂದು ಲೈನಿಗೆ ಮದುವೆಯಾಗಿ ಬಂದವಳು. ಅವಳ ಇಡೀ ಬದುಕು ಎರಡು ಫರ್ಲಾಂಗಿನೊಳಗೆ ನಡೆದಿತ್ತು. ಗಂಡ ತೀರಿಕೊಂಡಿದ್ದ, ಶಾಲೆಗೆ ಹೋಗುವ ಒಬ್ಬ ಮಗಳು. ಈಗ ಎಸ್ಟೇಟು ಕೈಬದಲಾಗಿತ್ತು. ಹೊಸ ಮಾಲೀಕರು ಲೈನು ಖಾಲಿ ಮಾಡಿ ಎಂದಿದ್ದರು. ಮನೆ ಇಲ್ಲದ ತೋಟದ ಆಳುಗಳಿಗೆ ಸೈಟು ಕೊಡುತ್ತಾರೆ, ಫೋಟೋ ಅಂಟಿಸಿ ಅರ್ಜಿ ಕೊಡಬೇಕು ಎಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಹೇಳಿದ್ದನಂತೆ. ಅವಳಿಗೆ ಆ ಸೈಟು ಸಿಗದಿದ್ದರೆ ಹೋಗಲು ಬೇರೆ ಜಾಗವೇ ಇರಲಿಲ್ಲ.

‘ಸಾಬ್ರೆ, ವಸಿ ಚೆನ್ನಾಗಿ ತೆಗೀರಿ. ಸಾಹೇಬ್ರು ನೋಡೋ ಫೋಟೋ. ನನ್ನ ಮದ್ವೇಲೂ ಯಾರೂ ತೆಗ್ದಿಲ್ಲ, ಇದೇ ಮೊದಲ್ನೇದು’ ಎಂದಳು. ಪಕ್ಕದ ಲೈನಿನವಳ ಹಸಿರು ಸೀರೆ ಉಟ್ಟುಕೊಂಡು ಬಂದಿದ್ದಳು. ನಸೀಮಾ ಒಳಗಿನಿಂದ ಬಂದು ನೋಡಿ, ಎಂದಿನ ಹಾಗೆ ಡ್ರಾಯರಿನಿಂದ ಸರ ತೆಗೆದು ತೊಡಿಸಿದಳು. ಗಿರಿಜಮ್ಮ ಕನ್ನಡಿಯಲ್ಲಿ ತನ್ನನ್ನು ನೋಡಿಕೊಂಡು ಸುಮ್ಮನೆ ನಿಂತುಬಿಟ್ಟಳು. ನಾನು ಅವತ್ತು ಬೇರೆ ಕೆಲಸವಿಲ್ಲದೆ ಕೂತಿದ್ದವನು, ಪೆನ್ಸಿಲ್ ಚೂಪು ಮಾಡಿ ಎರಡು ತಾಸು ಅವಳ ಕೆನ್ನೆ ತುಂಬಿಸಿದೆ. ಹತ್ತು ವರ್ಷ ಚಿಕ್ಕವಳಾದಳು. ನನ್ನ ಕೈಯಲ್ಲಿ ಆದ ಒಳ್ಳೆಯ ಕೆಲಸಗಳಲ್ಲಿ ಅದೂ ಒಂದು.

ಎರಡು ತಿಂಗಳಿಗೆ ಮತ್ತೆ ಬಂದಳು. ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ರೈಟರ್ ಹೋಗಿ ವಿಚಾರಿಸಿದ್ದಕ್ಕೆ, ಅರ್ಜಿಯ ಫೋಟೋ ನೋಡಿ ಯಾರೋ ‘ಎರಡೆಳೆ ಸರ ಹಾಕ್ಕೊಂಡಿರೋಳಿಗೆ ಸೈಟು ಬೇರೆ ಕೇಡು’ ಎಂದು ಅಡ್ಡಗೆರೆ ಎಳೆದರಂತೆ. ಗಿರಿಜಮ್ಮ ನನ್ನನ್ನು ಬೈಯಲಿಲ್ಲ. ‘ಆ ಸರ ನಂದಲ್ಲ ಅಂತ ನೀವೊಂದು ಮಾತು ಹೇಳ್ಬೇಕು ಸಾಬ್ರೆ, ನಿಮ್ ಮಾತು ಕೇಳ್ತಾರೆ’ ಎಂದಳು. ಗಣೇಶನನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದವನ ಮುಂದೆ ನಿಂತು, ಇನ್ನೂ ನನ್ನನ್ನೇ ನಂಬಿದ್ದಳು.

ಆ ಪಟ್ಟಿ ಮಾಡಿದ್ದು ಯಾವ ಕಚೇರಿ ಎಂದು ಬರೆಯುವುದಿಲ್ಲ. ಅಲ್ಲಿನ ಗುಮಾಸ್ತರು ಕೆಟ್ಟವರಲ್ಲ. ನಾನು ಸರವನ್ನು ಪೊಟ್ಟಣ ಕಟ್ಟಿಕೊಂಡು ಹೋಗಿ ಮೇಜಿನ ಮೇಲಿಟ್ಟೆ. ‘ಇದು ಸ್ಟುಡಿಯೋದು ಅಂತ ನೀವು ಹೇಳ್ತೀರಿ. ಅವಳೇ ಕೊಟ್ಟು ಕಳ್ಸಿರಬೌದಲ್ಲ? ಏನು ಗ್ಯಾರಂಟಿ?’ ಎಂದರು. ಕೇಳಿದ್ದು ನ್ಯಾಯವೇ. ನಾಳೆ ಗ್ಯಾರಂಟಿ ತರುತ್ತೇನೆ ಎಂದು ಬಂದು, ಇಡೀ ಸಂಜೆ ಹಳೇ ಪ್ರಿಂಟುಗಳ ಡಬ್ಬ ಹುಡುಕಿದೆ. ಅದೇ ಸರ ಹಾಕಿಕೊಂಡ ಇಪ್ಪತ್ತೆರಡು ಹೆಂಗಸರು ಸಿಕ್ಕಿದರು. ಎಲ್ಲ ಹೆಣ್ಣು ತೋರಿಸುವ ಫೋಟೋಗಳು. ನನ್ನ ಬುದ್ಧಿಗೆ ನಾನೇ ಮೆಚ್ಚಿಕೊಂಡೆ.

ಮಾರನೆಯ ದಿನ ಗಿರಿಜಮ್ಮನನ್ನು ಬಾಗಿಲ ಹತ್ತಿರ ನಿಲ್ಲಿಸಿ, ಗುಮಾಸ್ತರ ಮೇಜಿನ ಮೇಲೆ ಆ ಇಪ್ಪತ್ತೆರಡನ್ನೂ ಸಾಲಾಗಿ ಹರಡಿದೆ. ಗುಮಾಸ್ತರಿಗೆ ಮೋಜಾಯಿತು. ‘ಅಲ್ಲಾ ಮಾರಾಯ, ಎಲ್ಲರ ಕುತ್ತಿಗೇಲೂ ಒಂದೇ ಸರ! ಬನ್ರೋ ಇಲ್ಲಿ ನೋಡ್ರಿ’ ಎಂದು ಪಕ್ಕದ ಮೇಜಿನವರನ್ನೂ ಕರೆದರು. ಒಬ್ಬೊಬ್ಬರನ್ನೇ ನೋಡುತ್ತಾ, ನಗುತ್ತಾ ಬಂದವರು ಮೂರನೇ ಸಾಲಿಗೆ ನಿಂತುಬಿಟ್ಟರು. ಅವರ ಬೆರಳ ಕೆಳಗೆ ಇದ್ದದ್ದು ಅವರ ಹೆಂಡತಿ. ಯಸಳೂರು ಕಡೆಯ ಹೆಣ್ಣು, ಮದುವೆಗೆ ಮುಂಚೆ ನನ್ನ ಸ್ಟುಡಿಯೋದಲ್ಲಿ ತೆಗೆಸಿದ್ದು. ಬೆಳಕು ಹೇಗೆ ಬಿದ್ದಿದೆ ಎಂದು ನೋಡುವ ನನ್ನ ಕಣ್ಣಿಗೆ, ಫೋಟೋ ಆರಿಸುವಾಗ ಯಾರ ಮುಖ ಎನ್ನುವುದು ಕಂಡೇ ಇರಲಿಲ್ಲ. ಫೋಟೋದಲ್ಲಿದ್ದ ಸರ ಎಲ್ಲಿ ಎಂದು ಗಂಡಿನ ಕಡೆಯವರು ಮದುವೆಯಲ್ಲಿ ಕೇಳಿದಾಗ, ಅದನ್ನು ತಂಗಿಗೆ ಕೊಟ್ಟೆವು ಎಂದು ಹೆಣ್ಣಿನ ಮನೆಯವರು ಹೇಳಿದ್ದರಂತೆ. ಇದು ನನಗೆ ಆಮೇಲೆ ಬೇರೆಯವರಿಂದ ತಿಳಿಯಿತು.

ಪಕ್ಕದವರು ಇನ್ನೂ ನಗುತ್ತಿದ್ದರು. ಗುಮಾಸ್ತರು ಫೋಟೋಗಳನ್ನು ಇಸ್ಪೀಟಿನ ಎಲೆಗಳಂತೆ ಒಟ್ಟು ಮಾಡಿ, ಒಂದನ್ನು ಅಂಗಿ ಜೇಬಿಗೆ ಹಾಕಿಕೊಂಡು, ಉಳಿದದ್ದನ್ನು ನನ್ನ ಕಡೆ ತಳ್ಳಿದರು. ‘ತಗೊಂಡೋಗಿ. ಲಿಸ್ಟು ಮೇಲಕ್ಕೆ ಹೋಗ್ಬುಟ್ಟೈತೆ’ ಎಂದರು. ಬಾಗಿಲ ಹತ್ತಿರ ಗಿರಿಜಮ್ಮ ‘ನಕ್ಕೊಂಡು ಮಾತಾಡ್ತಿದ್ರಲ್ಲ, ಆಯ್ತಾ ಸಾಬ್ರೆ?’ ಎಂದು ಕೇಳಿದಳು. ಆಗುತ್ತದೆ ಎಂದೆ. ಒಂದೇ ಸಲಕ್ಕೆ ಇಬ್ಬರು ಹೆಂಗಸರ ಬದುಕಿಗೆ ಕಲ್ಲು ಹಾಕಿ ಬಂದಿದ್ದೆ. ಮನೆಗೆ ಬಂದು ಹೇಳಿದಾಗ ನಸೀಮಾ ತಟ್ಟೆ ಸರಿಸಿ ಎದ್ದು ಹೋದಳು. ಸರ ಮತ್ತೆ ಯಾರ ಕುತ್ತಿಗೆಗೂ ಹೋಗಲಿಲ್ಲ.

ಮಳೆಗಾಲಕ್ಕೆ ಮುಂಚೆ ಲೈನು ಖಾಲಿ ಮಾಡಿಸಿದರು. ಹೊಡೆದಾಟವೇನೂ ಆಗಲಿಲ್ಲ. ಹೆಂಚುಗಳನ್ನು ಇಳಿಸಿ ಲಾರಿಗೆ ತುಂಬಿದರು, ಅಷ್ಟೇ. ಮಾಡು ಇಲ್ಲದ ಗೋಡೆಗಳ ನಡುವೆ ಎಷ್ಟು ದಿನ ಇರಲಾದೀತು? ಆರು ಸಂಸಾರಗಳು ರೈಲು ಹಳಿಯ ಪಕ್ಕದ ಇಳಿಜಾರಿನಲ್ಲಿ ಟಾರ್ಪಾಲು ಕಟ್ಟಿಕೊಂಡವು. ಮುಖ್ಯಸ್ಥರ ಫೋನು ಬಂತು. ‘ಹೋಗಿ ತೆಗೀರಿ. ಒಂದು ಮಾತು ಕೇಳ್ರೀ, ಅವರಿಗೆ ತಲೆ ಬಾಚೋಕೆ ಮಾತ್ರ ಬಿಡಬೇಡಿ. ಬಾಚಿದ ತಲೆ ನೋಡಿದ್ರೆ ಯಾವ ಸಾಹೇಬನೂ ಕುರ್ಚಿ ಬಿಟ್ಟು ಏಳಲ್ಲ’ ಎಂದರು.

ನಾನು ಹೋದಾಗ ಬೆಳಗಿನ ಹತ್ತು ಗಂಟೆ. ರಾತ್ರಿ ಮಳೆ ಬಿದ್ದು ನೆಲವೆಲ್ಲ ರಾಡಿ. ಐದು ಗುಡಾರಗಳ ಫೋಟೋ ತೆಗೆಯುವಷ್ಟರಲ್ಲಿ ರೀಲಿನಲ್ಲಿ ಒಂದೇ ಒಂದು ಫೋಟೋ ಉಳಿದಿತ್ತು. ಆರನೆಯದರ ಮುಂದೆ ಗಿರಿಜಮ್ಮ ಒದ್ದೆ ಕಂಬಳಿ ಹಿಂಡುತ್ತಿದ್ದಳು. ನನ್ನನ್ನು ಕಂಡು ಮುಖ ಅರಳಿತು, ಕ್ಯಾಮೆರಾ ಕಂಡು ಗಾಬರಿಯಾಯಿತು. ‘ಒಂದ್ ನಿಮಿಷ ಇರಿ ಸಾಬ್ರೆ, ಹಿಂಗೇ ತೆಗೀಬೇಡಿ, ಬಂದೆ’ ಎಂದು ತಿರುಗಿ ಟಾರ್ಪಾಲಿನೊಳಗೆ ಬಗ್ಗಿದಳು. ಬಾಚಣಿಗೆಯನ್ನು ಹಲ್ಲಲ್ಲಿ ಕಚ್ಚಿ ಎರಡೂ ಕೈಯಲ್ಲಿ ಕೂದಲು ಒಟ್ಟು ಮಾಡುತ್ತಿದ್ದಳು. ಸೆರಗು ಜಾರಿ, ಕುತ್ತಿಗೆಯ ಎಲುಬುಗಳು ಎದ್ದು ಕಾಣುತ್ತಿದ್ದವು. ಒಳಗೆ ಮಗಳು ನೀರು ನಿಂತ ನೆಲದಿಂದ ಪುಸ್ತಕದ ಚೀಲವನ್ನು ಎತ್ತಿ ಹಿಡಿದು ನಿಂತಿದ್ದಳು. ಟಾರ್ಪಾಲಿನ ಹರಕಿನಿಂದ ಬೆಳಕು ಇಬ್ಬರ ಮೇಲೂ ಬಿದ್ದಿತ್ತು. ಅಂಥ ಬೆಳಕು ನನಗೆ ಇಡೀ ಬದುಕಿನಲ್ಲಿ ನಾಲ್ಕೈದು ಸಲ ಸಿಕ್ಕಿರಬಹುದು. ಒತ್ತಿಬಿಟ್ಟೆ.

ಸದ್ದಿಗೆ ಅವಳು ತಿರುಗಿ ನೋಡಿದಳು. ನಾನು ಕ್ಯಾಮೆರಾ ಸರಿಮಾಡಿಕೊಳ್ಳುತ್ತಿರುವವನ ಹಾಗೆ ತಲೆ ತಗ್ಗಿಸಿ, ರೀಲು ಸುತ್ತಿ ಹೊರಗೆ ತೆಗೆದು ಜೇಬಿಗೆ ಹಾಕಿಕೊಂಡೆ. ಅವಳು ಮುಖ ತೊಳೆದು, ಬಾಚಿ ಜಡೆ ಹಾಕಿ, ಕುಂಕುಮವಿಲ್ಲದ ಹಣೆ ಒರೆಸಿಕೊಂಡು, ಮಗಳನ್ನೂ ಪಕ್ಕಕ್ಕೆ ಎಳೆದುಕೊಂಡು ಬಂದು ನೆಟ್ಟಗೆ ನಿಂತಳು. ‘ಈಗ ತೆಗೀರಿ’ ಎಂದಳು. ಇನ್ನೊಂದು ರೀಲು ಚೀಲದಲ್ಲಿತ್ತು. ಹಾಕಬಹುದಿತ್ತು. ಆದರೆ ಹಾಸನದ ಬಸ್ಸಿಗೆ ಹೊತ್ತಾಗಿತ್ತು, ನನಗೆ ಬೇಕಾದದ್ದು ಸಿಕ್ಕಾಗಿತ್ತು. ಮದುವೆ ಮನೆಗಳಲ್ಲಿ ನಾವು ಫೋಟೋಗ್ರಾಫರುಗಳು ಮಾಡುವ ಒಂದು ಕೆಲಸವಿದೆ. ದೂರದ ನೆಂಟರು ಗುಂಪು ಗುಂಪಾಗಿ ಬಂದು ನಿಂತಾಗ ರೀಲು ಖರ್ಚು ಮಾಡದೆ ಖಾಲಿ ಕ್ಯಾಮೆರಾದಲ್ಲಿ ಫ್ಲ್ಯಾಷ್ ಹೊಡೆಯುವುದು. ಅವರಿಗೂ ಖುಷಿ, ನಮಗೂ ನಷ್ಟವಿಲ್ಲ. ಆ ಅಭ್ಯಾಸದ ಕೈ, ಖಾಲಿ ಕ್ಯಾಮೆರಾವನ್ನು ಕಣ್ಣಿಗೆ ಹಿಡಿದು ಒತ್ತಿತು. ‘ಚೆನ್ನಾಗಿ ಬಂತು’ ಅಂತ ಬೇರೆ ಹೇಳಿದೆ.

ಮೂರನೆಯ ದಿನ ಆ ಫೋಟೋ ಮೊದಲ ಪುಟದಲ್ಲೇ ಬಂತು. ಮುಖ್ಯಸ್ಥರು ಫೋನ್ ಮಾಡಿ, ‘ಈಗ ನೀವು ಪೇಪರಿನವರಾದ್ರಿ’ ಎಂದರು. ಪತ್ರಿಕೆ ನೋಡಿ ದೊಡ್ಡ ಅಧಿಕಾರಿಯೊಬ್ಬರು ಹಳಿಯ ಹತ್ತಿರ ಜೀಪಿನಲ್ಲಿ ಬಂದರು. ಹಳೇ ಪಟ್ಟಿ ತರಿಸಿದರು. ನಾನು ಇಪ್ಪತ್ತೆರಡು ಸಾಕ್ಷಿ ಒಯ್ದರೂ ಆಗದಿದ್ದ ಕೆಲಸ ಹದಿನೈದು ದಿನಕ್ಕೆ ಆಯಿತು. ಆರೂ ಸಂಸಾರಕ್ಕೆ ಆಲೂರಿನ ಕಡೆ ಸೈಟು ಸಿಕ್ಕಿತು. ಇದನ್ನು ಕೇಳಿದ ಹುಡುಗರು ‘ಫೋಟೋದ ಪವರ್ ನೋಡಿ ಅಂಕಲ್’ ಅನ್ನುತ್ತಾರೆ. ನಾನೂ ಕೆಲವು ತಿಂಗಳು ಹಾಗೇ ಅಂದುಕೊಂಡು ತಿರುಗಾಡಿದೆ.

ಗಿರಿಜಮ್ಮ ಬಂದದ್ದು ಮಳೆಗಾಲ ಕಳೆದು ಚಳಿ ಶುರುವಾದ ಮೇಲೆ, ಒಂದು ಸಂತೆಯ ದಿನ ಮಧ್ಯಾಹ್ನ. ಕೈಯಲ್ಲಿ ಒಂದು ಚೀಲದ ತುಂಬ ಹಸಿ ಅವರೆಕಾಯಿ. ‘ನಮ್ ಸೈಟಿನ ಬೇಲೀಲಿ ಬಿಟ್ಟಿದ್ದು’ ಎಂದು ನಸೀಮಾಗೆ ಕೊಟ್ಟಳು. ಎರಡು ಕೋಣೆ ಎಬ್ಬಿಸಿದ್ದಾಳೆ, ಹೆಂಚು ಹೊದಿಸಿದ್ದಾಗಿದೆ, ಮಗಳು ಆಲೂರಿನ ಹೈಸ್ಕೂಲಿಗೆ ಹೋಗುತ್ತಾಳೆ. ಎಲ್ಲ ಹೇಳಿದಳು.

‘ಪೇಪರಿನಲ್ಲಿ ಬಂದಿದ್ದು ನಮ್ಮ ಹುಡುಗಿ ಸ್ಕೂಲಲ್ಲೆಲ್ಲ ನೋಡ್ಬುಟ್ರು ಸಾಬ್ರೆ. ನೋಟೀಸ್ ಬೋರ್ಡಿಗೆ ಹಾಕಿದ್ರಂತೆ. ಅವಳು ಒಂದು ವಾರ ಸ್ಕೂಲಿಗೆ ಹೋಗ್ಲಿಲ್ಲ’ ಎಂದಳು. ‘ಹೋಗ್ಲಿ ಬಿಡಿ, ಅದ್ರಿಂದ್ಲೇ ಮನೆ ಆಗೈತೆ. ನಾನು ಬಂದಿದ್ದು ಆ ಇನ್ನೊಂದಕ್ಕೆ. ಬಾಚ್ಕೊಂಡು ಬಂದು ನಿಂತಿದ್ದು. ಅದನ್ನ ದೊಡ್ಡದು ಮಾಡ್ಕೊಡಿ. ಅವಳಿಗೆ ತೋರಿಸ್ತೀನಿ, ನೋಡು, ಅವತ್ತು ನಾವು ಹಿಂಗೂ ಇದ್ವಿ ಅಂತ.’

ನಸೀಮಾ ಅವರೆಕಾಯಿ ಸುಲಿಯುತ್ತಿದ್ದವಳು ಕೈ ನಿಲ್ಲಿಸಿದಳು. ನೆಗೆಟಿವ್ ಕೆಟ್ಟುಹೋಯಿತು ಎನ್ನಬಹುದಿತ್ತು, ಪತ್ರಿಕೆಯವರು ಕಳೆದರು ಎನ್ನಬಹುದಿತ್ತು. ಕಸುಬಿನಲ್ಲಿ ಅಂಥ ಸುಳ್ಳುಗಳಿಗೆ ಬರವಿಲ್ಲ. ಅವತ್ತು ಯಾಕೋ ಬಾಯಿಗೆ ಬರಲಿಲ್ಲ.

‘ಆ ಫೋಟೋ ಇಲ್ಲ ಕಣಮ್ಮ. ನೀನು ಬಂದು ನಿಂತಾಗ ಕ್ಯಾಮೆರಾದಲ್ಲಿ ರೀಲೇ ಇರಲಿಲ್ಲ’ ಎಂದೆ.

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಕೋಪ ಬರುತ್ತದೆ ಎಂದು ಕಾದೆ, ಬರಲಿಲ್ಲ. ನಿಜವಾಗಿಯೂ ಗೊತ್ತಾಗದವಳ ಹಾಗೆ ನನ್ನ ಮುಖ ನೋಡಿ ಕೇಳಿದಳು.

‘ಮತ್ತೆ ನಮ್ಮನ್ನ ಯಾಕೆ ನಿಲ್ಲಿಸ್ಕೊಂಡಿದ್ರಿ ಸಾಬ್ರೆ?’

ಅವಳು ಖಾಲಿ ಚೀಲವನ್ನು ಮಡಿಸಿಕೊಂಡು, ನಸೀಮಾಗೆ ಬರ್ತೀನಿ ಅಕ್ಕ ಎಂದು ಹೇಳಿ, ಆಲೂರಿನ ಬಸ್ಸಿಗೆ ಹೋದಳು.